ಒಂದೇ ಪಕ್ಕದ ಬೋಲ್ಟು

ತಟ್ಟುತ್ತಿದ್ದ ರೊಟ್ಟಿ ಅಂಗೈಗೆ ಅಂಟಿತು, ಕೈ ಯಾಕೆ ನಿಂತಿತು, ಪಡಸಾಲೆಯಲ್ಲಿ ಬೋಲ್ಟು ಬಿಚ್ಚುವ ಪಾನಾ ತಿರುಗುವ ಸದ್ದು — ಲಗ್ನವಾದಾಗಿನಿಂದ ಕೇಳುತ್ತಿದ್ದೇನೆ, ತಾವರಗೇರಾದ ಸುತ್ತ ಇವರು ಬಿಚ್ಚದ ಬೋರ್‌ವೆಲ್ ಪಂಪಿಲ್ಲ, ಆದರೆ ಈಗ ಇವರ ತೊಡೆಯ ಮೇಲಿರುವುದು ಪಂಪಲ್ಲ, ಮಗಳು ಶೋಭಾರಾಣಿಯ ಡಬ್ಬಿ, ಅವಳು ಬಚ್ಚಲಲ್ಲಿ ಗುನುಗುತ್ತ ನೀರು ಸುರಿದುಕೊಳ್ಳುತ್ತಿದ್ದಾಳೆ, ಮುಷ್ಟಿಯಷ್ಟು ಲೋಹದ ಡಬ್ಬಿ, ಒಳಗೆ ಎರಡು ವಜ್ರ, ನಡುವೆ ಕಣ್ಣಿಗೆ ಕಾಣದಷ್ಟು ಹರಳು, ನಿನ್ನೆ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಹೇಳಿದ್ದಳು, ಅವ್ವಾ, ಈ ಹರಳಿನಾಗ ಅಯಸ್ಕಾಂತದ ಗುಣ ಐತಿ, ಎರಡೂ ವಜ್ರದ ನಡುವ ಭಾಳ ಒತ್ತಿದ್ರ ಆ ಗುಣ ಸಾಯ್ತೈತಿ, ಆಮ್ಯಾಲ ಭಾಳ ತಂಪು ಮಾಡಿದ್ರ ಕರೆಂಟು ಒಂಚೂರೂ ಅಡ್ಡಿ ಇಲ್ದ ಹರೀತೈತಿ, ಯಾಕಂತ ಇನ್ನೂ ಯಾರಿಗೂ ಪೂರಾ ತಿಳಿದಿಲ್ಲವ್ವಾ — ಬಾಗಿಲಲ್ಲಿ ನಿಂತಿದ್ದ ಇವರು ನಕ್ಕರು, ಒತ್ತಿದ್ರ ಹಾದಿಗೆ ಬರೋದು ಕಲ್ಲೊಂದ ಅಲ್ಲ, ಹುಡುಗ್ಯಾರೂ ಬರ್ತಾರ, ನಾಳೆ ಕುಷ್ಟಗಿಯವರು ನೋಡಾಕ ಬರ್ತಾರ, ಸೀರಿ ಉಟ್ಕೊಂಡು ಕುಂದ್ರು — ನಾಳೆ ಮಧ್ಯಾಹ್ನ ಕೊಪ್ಪಳದಾಗ ರೈಲು ಹತ್ತಾಕಿ ಅದೀನಪ್ಪಾ, ಲ್ಯಾಬಿನ ತಂಪಿನ ಯಂತ್ರ ಈ ವಾರ ಅಷ್ಟ ನನಗ ಸಿಗೋದು, ಎಂದಳು, ಇವರ ಕಣ್ಣು ಆ ಡಬ್ಬಿಯ ಮೇಲೆ ನಿಂತಿತು. ಯಾಕ್ರೀ ಅದನ್ನ ಮುಟ್ಟೀರಿ, ಈಗ ಎನ್ನಬೇಕು, ಬಚ್ಚಲಿಗೆ ಕೇಳುವಂತೆ ಒಮ್ಮೆ ಕೂಗಿದರೂ ಸಾಕು, ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿದೆ, ಇವರೇ ಅಲ್ಲವೇ ಕಲಿಸಿದ್ದು, ಲಂಗ ಹಾಕಿಕೊಂಡಿದ್ದ ಕೂಸನ್ನು ಪಂಪಿನ ಪಕ್ಕ ಕೂರಿಸಿ, ಒಂದ ಕಡೆ ಬಿಚ್ಚಬಾರದವಾ, ಎದುರಾಬದುರಾ, ಚೂರ ಚೂರ, ಇಲ್ಲಂದ್ರ ಒಂದ ಮಗ್ಗಲಿಗೆ ಭಾರ ಬಿದ್ದು ಸೀಳ್ತೈತಿ, ಅವಳು ಚಪ್ಪಾಳೆ ತಟ್ಟುತ್ತಿದ್ದಳು, ಈಗ ಒಂದೇ ಪಕ್ಕದ ಬೋಲ್ಟು ಬಿಚ್ಚುತ್ತಿದ್ದಾರೆ, ಒಂದೇ ಪಕ್ಕದ್ದು, ಗೊತ್ತಿದ್ದೇ. ತಲೆಯೆತ್ತಿ ನನ್ನನ್ನು ನೋಡಿದರು, ಕೈ ನಿಲ್ಲಲಿಲ್ಲ, ರೊಟ್ಟಿ ನೋಡು, ಹೊತ್ತಾಕತ್ತೈತಿ, ಎಂದರು, ನಾನು ರೊಟ್ಟಿ ನೋಡಿದೆ, ದೇವರೇ, ರೊಟ್ಟಿಯನ್ನೇ ನೋಡಿದೆ, ಟಕ್ — ಶೇಂಗಾ ಒಡೆದಷ್ಟೇ ಸದ್ದು, ಒಳಗಿನ ವಜ್ರವೇ ಇರಬೇಕು, ಡಬ್ಬಿಯನ್ನು ಅವಳ ಚೀಲದೊಳಗೆ ಮೆತ್ತಗೆ ಇಟ್ಟರು, ಕೂಸನ್ನು ಮಲಗಿಸುವ ಹಾಗೆ, ಬಂದವರಿಗೆ ಬಾಳೆಹಣ್ಣು ತರ್ತೀನಿ, ಎಂದು ಚಪ್ಪಲಿ ಮೆಟ್ಟಿದರು. ಅವಳು ಬಂದಳು, ಒದ್ದೆ ಕೂದಲು ಬೆನ್ನಿಗಂಟಿದೆ, ಒರೆಸಬೇಕು, ನೆಗಡಿಯಾಗುತ್ತದೆ, ಚೀಲ ತೆರೆಯುತ್ತಾಳೆ, ಮುಚ್ಚಳ ವಾರೆ ಕೂತಿದೆ, ಒಂದೇ ಪಕ್ಕಕ್ಕೆ ವಾರೆ, ಬೆರಳಿಟ್ಟು ಸವರುತ್ತಾಳೆ, ಬೆಳಕಿಗೆ ಹಿಡಿಯುತ್ತಾಳೆ, ಅಳುವುದಿಲ್ಲ, ಬೀದಿಯ ಕಡೆ ನೋಡುವುದಿಲ್ಲ, ನನ್ನನ್ನೇ ನೋಡುತ್ತಾಳೆ, ಹಿಟ್ಟು ಮೆತ್ತಿದ ನನ್ನ ಕೈ, ವಾರೆ ಕೂತ ಮುಚ್ಚಳ, ಕೇಳಬೇಡ ನನ್ನವ್ವಾ, ವಾರೆ ಕೂತ ಮುಚ್ಚಳ —

ಅವ್ವಾ, ಅಪ್ಪ ಇದನ್ನ ಬಿಚ್ಚುಮುಂದ ನೀ ನೋಡಿಕೋತ ಕುಂತಿದ್ದೇನು?