ಆದೆಮ್ಮನ ಮೀನಿನ ಹೊಂಡ

ಕಾಲುವೆ ಬಂದ ಮೇಲೆ ವಳಕಮದಿನ್ನಿಯ ಹೊಲಗಳೆಲ್ಲ ಹಸಿರಾದವು. ಆದೆಮ್ಮನ ಹೊಲದ ಕೆಳಗಿನ ಮೂಲೆ ಮಾತ್ರ ಜೌಗು ಹಿಡಿಯಿತು. ಮೇಲಿನ ಗದ್ದೆಗಳ ನೀರೆಲ್ಲ ಬಸಿದು ಅಲ್ಲಿ ನಿಂತು, ನಾಟಿ ಮಾಡಿದ ಭತ್ತದ ಬೇರು ಕೊಳೆಯುತ್ತಿತ್ತು. ಗಂಡ ಗ್ಯಾನಪ್ಪ ಆ ಮೂಲೆಯ ಆಸೆ ಬಿಟ್ಟಿದ್ದ.

ಎಂಬತ್ತೊಂಬತ್ತನೇ ಇಸವಿಯ ಮುಂಗಾರಿನಲ್ಲಿ ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿಗೆ ನಾಟಿಗೆ ಹೋದ ಆದೆಮ್ಮ, ಶೇಫಾಲಿ ಎಂಬ ಬಂಗಾಲಿ ಹೆಂಗಸಿನ ಹಿತ್ತಲು ನೋಡಿದಳು. ಸಣ್ಣ ಹೊಂಡದಲ್ಲಿ ಮೀನು, ದಂಡೆಯ ಸುತ್ತ ಬದನೆ, ಹೀರೆ. ಮೀನಿದ್ದ ನೀರನ್ನೇ ಶೇಫಾಲಿ ಕೊಡದಲ್ಲಿ ಎತ್ತಿ ಗಿಡಕ್ಕೆ ಹಾಕುತ್ತಿದ್ದಳು.

"ಮೀನಿನ ಹೊಲಸು ಗಿಡಕ್ಕೆ ಊಟ. ಗಿಡದ ಸೊಪ್ಪು ಮೀನಿಗೆ ಊಟ. ಬೇರೆ ಗೊಬ್ಬರ ಬೇಡ ದೀದಿ" ಎಂದಳು.

ಮುಂದಿನ ಬೇಸಿಗೆಯಲ್ಲಿ ಗಂಡಹೆಂಡತಿ ಜೌಗಿನ ಮೂಲೆಯನ್ನೇ ಅಗೆದು ಹೊಂಡ ಮಾಡಿದರು. ಶೇಫಾಲಿ ಕೊಟ್ಟ ಮೀನುಮರಿ ಬಿಟ್ಟರು. ಮರುವರ್ಷದ ಹೊತ್ತಿಗೆ ಮೀನು ಮೊಳದುದ್ದವಾದವು. ದಂಡೆಯ ಬದನೆ, ಪುಂಡಿಪಲ್ಯೆ ಮನೆಗೆ ಸಾಕಾಗಿ ಓಣಿಗೂ ಹಂಚುವಷ್ಟಾಯಿತು. ಮೇಲಿನ ಗದ್ದೆ ಗ್ಯಾನಪ್ಪನ ಅಣ್ಣ ಮುದುಕಪ್ಪನದು. ಆಸ್ತಿ ಪಾಲಾದಾಗಿನಿಂದ ಎರಡೂ ಮನೆಗೆ ಮಾತಿರಲಿಲ್ಲ. ಆ ಮನೆಗೆ ಮಾತ್ರ ಪಲ್ಯೆ ಹೋಗುತ್ತಿರಲಿಲ್ಲ.

ಆ ವರ್ಷ ಭತ್ತಕ್ಕೆ ಜಿಗಿಹುಳ ಬಿತ್ತು. ಮುದುಕಪ್ಪ ಗದ್ದೆಗೆಲ್ಲ ಹುಳ ಸಾಯುವ ವಿಷದ ಎಣ್ಣೆ ಹೊಡೆದ. ಅದೇ ಸಂಜೆ ಜೋರು ಮಳೆ ಬಂದು, ಒಡ್ಡು ಒಡೆದು, ಅವನ ಗದ್ದೆಯ ನೀರು ನೇರ ಹೊಂಡಕ್ಕೆ ನುಗ್ಗಿತು. ಬೆಳಗ್ಗೆ ಆದೆಮ್ಮ ಬಂದಾಗ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನೀರಿನಿಂದ ಎಣ್ಣೆಯ ಘಾಟು ಬರುತ್ತಿತ್ತು.

ಅವಳು ದಂಡೆಯಲ್ಲಿ ಕೂತು ಸತ್ತ ಮೀನುಗಳನ್ನು ಒಂದೊಂದಾಗಿ ಎಳೆದು ಹಾಕಿದಳು. ಗ್ಯಾನಪ್ಪ ಮೀನು ಹುಗಿಯಲು ಗುಂಡಿ ತೋಡತೊಡಗಿದ. ಪಕ್ಕದ ಹೊಲದ ಯಮನೂರಮ್ಮ ಓಡಿಬಂದಳು.

"ನಿನ್ನ ನೆಗೆಣ್ಣಿ, ಮುದುಕಪ್ಪನ ಹೆಂಡ್ತಿ ಬಸ್ಸಮ್ಮ, ನಸುಕಿನ್ಯಾಗ ಬಂದು ಬುಟ್ಟಿ ತುಂಬ ಮೀನು ಒಯ್ದಾಳ ನೋಡು!"

"ಒಯ್ಯಲಿ ಬಿಡು" ಎಂದ ಗ್ಯಾನಪ್ಪ, ಸಲಿಕೆ ನಿಲ್ಲಿಸದೆ. "ಎಣ್ಣಿ ಹೊಡದವ್ರ ತಿನ್ಲಿ."

ಆದೆಮ್ಮನಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ತಿನ್ನಲಿ, ಗೊತ್ತಾಗಲಿ. ಆಮೇಲೆ ಆ ಮನೆಯಲ್ಲಿ ಬಟ್ಟಲು ಹಿಡಿದು ಕೂರುವ ಬಸ್ಸಮ್ಮನ ಸಣ್ಣ ಮಗಳು ಗ್ಯಾನಮ್ಮ ನೆನಪಾದಳು. ಆದೆಮ್ಮ ಎದ್ದು ಊರಿನತ್ತ ಓಡಿದಳು.

ಬಸ್ಸಮ್ಮ ಒಲೆಯ ಮುಂದಿದ್ದಳು. ಸಾರು ಕುದಿಯುತ್ತಿತ್ತು.

"ಯಕ್ಕಾ, ಆ ಮೀನು ತಿನಬ್ಯಾಡ್ರಿ! ಎಣ್ಣಿ ನೀರಾಗ ಸತ್ತಾವ!"

"ಸತ್ತ ಮೀನಿಗೂ ಹೊಟ್ಟಿಕಿಚ್ಚೇನು ನಿನಗ? ಮಳಿ ನೀರಿಗೆ ಸತ್ತಾವ ಅವು. ನಡಿ ಹೊರಗ."

ಆದೆಮ್ಮ ಒಳಗೆ ನುಗ್ಗಿದಳು. ಸೆರಗಿನಿಂದ ಗಡಿಗೆ ಹಿಡಿದೆತ್ತಿ ಅಂಗಳಕ್ಕೆ ಚೆಲ್ಲಿದಳು. ಬಸ್ಸಮ್ಮ ಅವಳ ಕೂದಲಿಗೆ ಕೈ ಹಾಕಿದಳು. ಅಷ್ಟರಲ್ಲಿ ಪಡಸಾಲೆಯಿಂದ ಓಕರಿಕೆ ಕೇಳಿಸಿತು. ಹಸಿವೆಂದು ಅತ್ತ ಗ್ಯಾನಮ್ಮನಿಗೆ ಬಸ್ಸಮ್ಮ ಆಗಲೇ ಎರಡು ತುಂಡು ಕೊಟ್ಟಿದ್ದಳು. ಹುಡುಗಿಯ ಬಾಯಲ್ಲಿ ನೊರೆ ಬರುತ್ತಿತ್ತು.

ಬಸ್ಸಮ್ಮ ಕೂದಲು ಬಿಟ್ಟು, ಅದೇ ಕೈಯಿಂದ ಆದೆಮ್ಮನ ತೋಳು ಹಿಡಿದಳು. "ಯವ್ವಾ, ಏನ್ ಮಾಡ್ಲೇ ನಾನು?"

ಊರವರ ಟ್ರ್ಯಾಕ್ಟರಿನಲ್ಲಿ ಸಿಂಧನೂರಿನ ದವಾಖಾನೆಗೆ ಒಯ್ದರು. ದಾರಿಯುದ್ದಕ್ಕೂ ಹುಡುಗಿಯ ತಲೆ ಆದೆಮ್ಮನ ತೊಡೆಯ ಮೇಲಿತ್ತು. ಜೀವ ಉಳಿಯಿತು. ಆದರೆ ಬಹಳ ದಿನ ಹುಡುಗಿ ಗೋಡೆ ಹಿಡಿದೇ ನಡೆಯುತ್ತಿದ್ದಳು.

ಮುದುಕಪ್ಪ ತಪ್ಪಾಯಿತೆನ್ನಲಿಲ್ಲ. ಒಂದು ಮಧ್ಯಾಹ್ನ ಸಲಿಕೆ ತಂದು, ತನ್ನ ಗದ್ದೆಯ ನೀರು ಹೊಂಡವನ್ನು ಸುತ್ತುಹಾಕಿ ಹಳ್ಳಕ್ಕೆ ಹೋಗುವಂತೆ ಕಾಲುವೆ ತೋಡಿದ. ಆದೆಮ್ಮ ನೋಡುತ್ತ ನಿಂತಳು.

"ಭಾವ, ಹಳ್ಳದಾಗ ಊರ ದನ ನೀರು ಕುಡೀತಾವಲ್ರೀ."

ಅವನು ಬೆವರು ಒರೆಸಿಕೊಂಡ. "ಎಣ್ಣಿ ಹೊಡೀಲಿಲ್ಲಂದ್ರ ಭತ್ತ ಇಲ್ಲ. ನೀರು ಎಲ್ಲಿ ಬಿಡ್ಲಿ, ನೀನೇ ಹೇಳವ್ವ."

 ಆದೆಮ್ಮ, ಗ್ಯಾನಪ್ಪ ಹೊಂಡದ ನೀರನ್ನು ಹಳ್ಳಕ್ಕೆ ಬಿಡದೆ ಬಯಲಿಗೆ ಎತ್ತಿ ಹಾಕಿ, ದಂಡೆಯ ಬದನೆಗಿಡಗಳನ್ನೂ ಕಿತ್ತು ಸುಟ್ಟರು. ಮುಂದಿನ ಮುಂಗಾರಿಗೆ ಶೇಫಾಲಿಯಿಂದ ಮತ್ತೆ ಮರಿ ತಂದು ಬಿಟ್ಟರು. ಅವು ಚೆನ್ನಾಗಿಯೇ ಬೆಳೆದವು. ಮೊದಲ ಮೀನು ಬೇಯಿಸಿದ ದಿನ ಆದೆಮ್ಮ ಮಕ್ಕಳಿಗೆ ಬಡಿಸದೆ ತಾನೊಬ್ಬಳೇ ತಿಂದು, ಸಂಜೆಯವರೆಗೆ ಬಾಗಿಲಲ್ಲಿ ಕೂತಿದ್ದಳು.