ಎರಡು ಸಾವಿರದ ಎಪ್ಪತ್ತರ ಗೆರೆ

ಮತ್ತೆ ಅದೇ ಉಬ್ಬು, ಪರದೆಯ ಮೇಲೆ ಬೆಳಕಿನ ತರಂಗಸಂಖ್ಯೆ ಎರಡು ಸಾವಿರದ ಎಪ್ಪತ್ತರ ಹತ್ತಿರ, ನೆಟ್ಟಗೆ, ಚೂಪಾಗಿ — ಅಲ್ಲಿ ಇರಲೇಬಾರದು ಅದು, ನಮಿತಾ ಇನ್ನೂ ಗಾಜಿನ ಕೋಶದೊಳಗೆ ಕಾರ್ಬನ್ ಮಾನಾಕ್ಸೈಡ್ ಬಿಟ್ಟೇ ಇಲ್ಲ, ಬರೀ ಆಮ್ಲದ ನೀರು, ಅದರಲ್ಲಿ ಮುಖ ಕಾಣುವಷ್ಟು ಉಜ್ಜಿದ ಪ್ಲಾಟಿನಂ ಬಿಲ್ಲೆ, ಬಿಲ್ಲೆಗೆ ಬಡಿದು ವಾಪಸು ಬರುವ, ಕಣ್ಣಿಗೆ ಕಾಣದ ಅವಕೆಂಪು ಬೆಳಕು, ಲೋಹಕ್ಕೆ ಯಾವ ಅಣು ಅಂಟಿ ಕೂತಿದೆಯೋ ಅದು ತನ್ನ ಪಾಲಿನ ಬೆಳಕು ನುಂಗುತ್ತದೆ, ನುಂಗಿದಲ್ಲಿ ಗೆರೆ ಉಬ್ಬುತ್ತದೆ, ಗೆರೆ ಸುಳ್ಳು ಹೇಳುವುದಿಲ್ಲ — ಹಾಗಾದರೆ ಕೋಶ ಸರಿಯಾಗಿ ತೊಳೆದಿಲ್ಲ, ನಿನ್ನೆಯ ಕೊಳೆ, ಬೆಳಿಗ್ಗೆಯೇ ಕೇಳಿದ್ದಳು, ಕಣ್ಣು ಎಲ್ಲಿಟ್ಟುಕೊಂಡು ತೊಳೆದೆ ಹುಲಿಯಾ, ಐವತ್ತೈದು ದಾಟಿದ ಅಟೆಂಡರನಿಗೆ ಹಾಗೆ ಅನ್ನಬಾರದಿತ್ತು, ದಿನಾ ಹುಲಿಯಣ್ಣ ಎನ್ನುವ ಬಾಯಿ ಇವತ್ತು ಬರೀ ಹುಲಿಯಾ ಅಂದಿತು, ನಾ ಚಲೋ ಮಾಡಿ ತೊಳದೇನ್ರಾ ಅಕ್ಕೋರೇ, ಮೂರು ಸಲ, ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ, ಹಾರವಾಡದಲ್ಲಿ ಪ್ಯಾಸೆಂಜರ್ ರೈಲು ಹತ್ತಿ, ಶಿರವಾಡದಲ್ಲಿ ಇಳಿದು, ಮಳೆಯಲ್ಲಿ ನೆನೆದು, ಅವಳಿಗೆಂದೇ ತಂದ ವರ್ಷದ ಕೊನೆಯ ಇಶಾಡು ಮಾವಿನಹಣ್ಣು ಮೇಜಿನ ಮೇಲೆ, ಮುಚ್ಚಿದ ಕೋಣೆಯ ತುಂಬ ಅದರದೇ ವಾಸನೆ. ಬೇರೆ ಯಾವ ವಾಸನೆಯೂ ಇಲ್ಲ.

ಮುಚ್ಚಿಸಿದವಳು ಅವಳೇ, ಕಾರವಾರದ ಗಾಳಿಯನ್ನು ಲೋಟಕ್ಕೆ ಹಿಡಿದು ಕುಡಿಯಬಹುದು, ಮಳೆಗಾಲ ಹಿಡಿದರೆ ಅದರ ನೀರಾವಿ ಗೆರೆಗಳ ಮೇಲೆಲ್ಲ ಗೀಚಿ ಹಾಕುತ್ತದೆ, ಕಡಲಿನ ಉಪ್ಪು ಯಂತ್ರದ ಕನ್ನಡಿ ತಿನ್ನುತ್ತದೆ, ಹೋದ ವಾರ ಎಕ್ಸಾಸ್ಟ್ ಫ್ಯಾನಿನ ಬಾಯಿಗೆ ಪ್ಲಾಸ್ಟಿಕ್ ಬಿಗಿದು ಟೇಪು ಹಚ್ಚಿಸಿದಳು, ಕಿಟಕಿಯ ಸಂದಿಗೂ ಟೇಪು, ಗಾಳಿ ಆಡೂದಿಲ್ರಾ ಅಕ್ಕೋರೇ, ಏಣಿಯ ಮೇಲಿಂದ ಹುಲಿಯಾ, ಆಡಬಾರದು ಅಂತಲೇ ಹಚ್ಚೋದು ಮಾರಾಯಾ, ನಕ್ಕಿದ್ದಳು ಬೇರೆ, ತುಕ್ಕು ಹಿಡಿದು ಸುಮ್ಮಸುಮ್ಮನೆ ಕೂಗುತ್ತಿದ್ದ ಗ್ಯಾಸಿನ ಅಲಾರಂನ ಸೆಲ್ ಕಿತ್ತು ಡ್ರಾಯರಿಗೆ ಎಸೆದವಳೂ ಅವಳೇ — ತಲೆ ಯಾಕೆ ಇಷ್ಟು ಭಾರ, ಚಹಾ ಕುಡಿದಿಲ್ಲ, ಅದಕ್ಕೇ ಇರಬೇಕು, ತಲೆ ಸಿಡೀತದ್ರಾ, ಜರಾ ಅಡ್ಡ ಆಗ್ತೆ, ಹುಲಿಯಾನೂ ಅಂದನಲ್ಲ, ಬೈಸಿಕೊಂಡದ್ದಕ್ಕೆ ಮುನಿಸು ಎಂದುಕೊಂಡಳು, ಹೋಗು, ಮಲಗು, ಸಿಲಿಂಡರ್ ಇಡುವ ಒಳಕೋಣೆಯ ಚಾಪೆ ಅವನ ಕಾಯಂ ಜಾಗ, ಬಾಗಿಲ ಗಾಜಿನಲ್ಲಿ ಇಲ್ಲಿಂದಲೇ ಕಾಣುತ್ತಾನೆ, ಗೋಡೆಗೆ ಒರಗಿ, ತುಟಿ ಕೆಂಪಗೆ, ಎಲೆಅಡಿಕೆಯ ಕವಳ ಹಾಕಿಕೊಂಡು ಆರಾಮಾಗಿ ನಿದ್ದೆ, ಇರಲಿ. ಹತ್ತು ಗಂಟೆಗೆ ಹೋದವನು, ಈಗ ಹನ್ನೆರಡಾಯಿತು.

ಇನ್ನೊಂದು ಸಲ ತೆಗೆದು ನೋಡೋಣ, ಬೆರಳು ಗುಂಡಿ ಹುಡುಕುತ್ತದೆ, ತಪ್ಪುತ್ತದೆ, ಬಂತು, ಉಬ್ಬು ಬೆಳೆದಿದೆ, ಅದರ ಪಕ್ಕ ಈಗ ಇನ್ನೊಂದು, ಎರಡು ಸಾವಿರದ ನೂರನಲವತ್ತರ ಆಚೆ ಈಚೆ ಜೋಡಿ ಗುಡ್ಡ, ಬಾಚಣಿಗೆಯ ಹಲ್ಲಿನ ಹಾಗೆ ಸೀಳು ಸೀಳು — ಇದು ಲೋಹಕ್ಕೆ ಅಂಟಿದ್ದಲ್ಲ, ಯಾವುದಕ್ಕೂ ಅಂಟದೆ ತಿರುಗುವ ಅನಿಲ, ಕೋಶದ ಕೊಳೆ ಹೀಗೆ ಬರೆಯುವುದಿಲ್ಲ, ಇದು ಬೆಳಕು ಹಾದುಬರುವ ಗಾಳಿಯಲ್ಲಿದೆ, ಈ ಕೋಣೆಯ ಗಾಳಿಯಲ್ಲಿ, ಅವಳು ಬೆಳಗಿನಿಂದ ಉಸಿರಾಡುತ್ತಿರುವ — ಕೋಶ ಚೊಕ್ಕಟವಿತ್ತು, ಮೂರು ಸಲ ತೊಳೆದಿದ್ದ, ತಪ್ಪಾಯ್ತು ಹುಲಿಯಣ್ಣ, ಕಾರ್ಬನ್ ಮಾನಾಕ್ಸೈಡಿನ ಸಿಲಿಂಡರ್ ಸೋರುತ್ತಿದೆ, ಬಣ್ಣವಿಲ್ಲ ವಾಸನೆಯಿಲ್ಲ, ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ, ಪ್ಲಾಟಿನಂ ಸಿಕ್ಕರೆ ಪ್ಲಾಟಿನಂ, ರಕ್ತ ಸಿಕ್ಕರೆ ರಕ್ತದ ಕಬ್ಬಿಣ, ಒಮ್ಮೆ ಕೂತಿತೆಂದರೆ ಆಮ್ಲಜನಕಕ್ಕೂ ಜಾಗ ಬಿಡದು, ಉಸಿರು ನಿಲ್ಲುತ್ತದೆ, ರಕ್ತ ಮಾತ್ರ ಇನ್ನಷ್ಟು ಕೆಂಪಾಗಿ — ಏಳು, ಏಳು ನಮಿತಾ, ಬಾಗಿಲು, ಟೇಪು ಕೀಳು, ಭಯ, ಇಷ್ಟು ಭಯ ಅವಳಿಗೆ ಯಾವತ್ತೂ ಆಗಿಲ್ಲ, ಕಾಲು ತನ್ನದಲ್ಲ, ಸ್ಟೂಲು ಬಿತ್ತು, ಹುಲಿಯಣ್ಣಾ, ದನಿ ಹೊರಟಿತೋ ಇಲ್ಲವೋ, ಮೇಜು ಹಿಡಿದು, ಗೋಡೆ ಹಿಡಿದು, ಒಳಕೋಣೆಯ ಬಾಗಿಲ ತನಕ, ಹಣೆ ಗಾಜಿಗೆ ತಾಗಿತು, ತಣ್ಣಗಿದೆ, ಒಳಗೆ ಅವನು ಹಾಗೆಯೇ, ಕದಲದೆ, ಪಕ್ಕದಲ್ಲಿ ಕವಳದ ಸಂಚಿ ಇಲ್ಲ, ಎಲ್ಲಿಂದ ಬರಬೇಕು, ಹೋದ ವರ್ಷ ಬಾಯಿಯ ಹುಣ್ಣು ಕೊಯ್ಸಿಕೊಂಡು ಬಂದ ಮೇಲೆ ಅವನು ಕವಳ ಮುಟ್ಟಿಲ್ಲ, ಮುಟ್ಟಿಲ್ಲ, ತುಟಿ ಕೆಂಪು, ಕೆಂಪು