ಮೋರಿ ಕಾದವನು

ಫೋನು ಬಡಿದುಕೊಂಡಾಗ ನೆರಿಸ್ ಬೇಯಿಸಿದ ಹಂದಿತೊಡೆಯನ್ನು ತೆಳ್ಳಗೆ ಕೊಯ್ಯುತ್ತಿದ್ದಳು. ಕೈಯೆಲ್ಲ ಜಿಡ್ಡು. ಮೊಣಕೈಯಿಂದಲೇ ಗುಂಡಿ ಒತ್ತಿ, ಬಗ್ಗಿ ಕೇಳಿದಳು.

"ನೆರಿಸ್, ನಾನು ಮೆರ್ವಿನ್. ಬೆಳಿಗ್ಗೆ ಮೂಗಿಗೆ ಕಡ್ಡಿ ಹಾಕಿ ನೋಡ್ಕೊಂಡೆ. ಎರಡು ಗೆರೆ ಬಂತು ಕಣಮ್ಮ, ಕೋವಿಡ್ಡು. ನಿಮ್ಮಪ್ಪನ ಜೊತೆ ಅಷ್ಟು ವರ್ಷ ರಸ್ತೆ ಕೆಲಸ ಮಾಡ್ದೋನು, ಇವತ್ತು ಹೆಗಲು ಕೊಡಕ್ಕಾಗ್ತಿಲ್ಲ."

"ಇರ್ಲಿ ಬಿಡು. ಹೋಗಿ ಮಲಕ್ಕೋ."

"ಬೇಜಾರು ಮಾಡ್ಕೋಬೇಡ."

"ಇಲ್ಲ."

ಬೇಜಾರು ಮಾಡಿಕೊಳ್ಳುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಎರಡು ವರ್ಷದಿಂದ ಅಪ್ಪನನ್ನು ಎಬ್ಬಿಸಿ, ಕೂರಿಸಿ, ಉಣಿಸಿ, ಮಲಗಿಸಿ ಅವಳ ಸೊಂಟವೇ ಬಿದ್ದುಹೋಗಿತ್ತು. ಈಗ ಅವನು ಮುಂದಿನ ಕೋಣೆಯಲ್ಲಿ, ಮುಚ್ಚಿದ ಪೆಟ್ಟಿಗೆಯಲ್ಲಿದ್ದ. ಇನ್ನು ಉಳಿದದ್ದು ಒಂದೇ ಕೆಲಸ: ಇದ್ವಾಲ್ ಪ್ಯಾರಿಯನ್ನು ಮನೆಬಾಗಿಲಿನಿಂದ ಗುಡ್ಡದ ಮೇಲಿನ ಚಾಪೆಲ್‌ಗೆ ಸಾಗಿಸುವುದು. ಅದಕ್ಕೆ ಆರು ಹೆಗಲು ಬೇಕು. ಈಗ ಇದ್ದದ್ದು ಐದು.

ಮೇಜಿನ ಆಚೆ, ಮಣ್ಣಿಗೆ ಬರುವವರ ಊಟಕ್ಕೆಂದು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ ಚಿಕ್ಕಮ್ಮ ಮೇರ್ ಚಾಕು ಕೆಳಗಿಟ್ಟಳು.

"ಮೆರ್ವಿನ್ನಾ? ಅವನಿಗೆ ಕಾಯಿಲೆ ಯಾವತ್ತೂ ಕೆಲಸ ನೋಡ್ಕೊಂಡೇ ಬರೋದು. ಬೇರೆ ಯಾರನ್ನ ಕೇಳ್ತೀಯ?"

"ಯಾರಿದಾರೆ? ರೋಬಿನ್ ಸ್ಪೇನಿಗೆ ಹೋಗಿದಾನೆ. ಪೋಸ್ಟ್ ಆಫೀಸಿನ ಅಣ್ಣತಮ್ಮಂದಿರೂ ಸ್ಪೇನೇ. ಎದುರುಮನೆ ಗ್ವಿಲಿಮ್ ಮಾಮನ ಮಗನೂ ಅಲ್ಲೇ."

"ಗ್ವಿಲಿಮ್ ಮಗನಾ!" ಮೇರ್ ನಕ್ಕಳು. "ಅಪ್ಪ ಜನ್ಮವೆಲ್ಲ ಅರಮನೆಯೋರ ಹೆಸರು ಕೇಳಿದ್ರೆ ಉಗೀತಾನೆ. ಮಗನಿಗೆ ರಾಣಿ ಬೇಡ, ರಾಣಿ ಕೊಟ್ಟ ರಜೆ ಮಾತ್ರ ಬೇಕು."

ರಾಣಿ ಪಟ್ಟಕ್ಕೆ ಬಂದು ಎಪ್ಪತ್ತು ವರ್ಷ ತುಂಬಿತ್ತು. ಗುರುವಾರದಿಂದ ಭಾನುವಾರದವರೆಗೆ ದೇಶಕ್ಕೆಲ್ಲ ರಜೆ. ನಾಂತ್‌ಲಾಸ್ ಊರಿನಲ್ಲಿ ರಾಣಿಗಾಗಿ ಬಾವುಟ ಕಟ್ಟಿದವರು ಕೆಳಗಿನ ಹೊಸ ಮನೆಗಳವರು ಮಾತ್ರ. ಹಳಬರು ಕಟ್ಟಲೂ ಇಲ್ಲ, ಬೈಯಲೂ ಇಲ್ಲ. ಸೂಟ್‌ಕೇಸು ತುಂಬಿಕೊಂಡು ಹೊರಟುಹೋದರು. ಇದ್ವಾಲ್ ಸತ್ತದ್ದು ಅದಕ್ಕೆ ಮುಂಚಿನ ಶನಿವಾರ. ರಜೆ ಮುಗಿದ ಮೇಲೆ ಪಾದ್ರಿಯಮ್ಮನಿಗೆ ಬಿಡುವಿರಲಿಲ್ಲ, ಆರು ಊರಿನ ಚಾಪೆಲ್‌ಗಳನ್ನು ಅವಳೊಬ್ಬಳೇ ನೋಡಿಕೊಳ್ಳಬೇಕಿತ್ತು. ಹಾಗಾಗಿ ರಜೆಯ ನಡುವೆಯೇ ಮಣ್ಣು ಮಾಡುವುದೆಂದಾಯಿತು.

ಪೆಟ್ಟಿಗೆ ಮಾಡಿ ಶವಸಂಸ್ಕಾರದ ಏರ್ಪಾಡು ನೋಡಿಕೊಳ್ಳುವ ಸೆಲ್ವಿನ್ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ. ಸುದ್ದಿ ಕೇಳಿ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ.

"ಐದೇ ಜನ ಎತ್ತಕ್ಕಾಗಲ್ಲ ನೆರಿಸ್. ಆ ಏರು ನಿನಗೆ ಗೊತ್ತು. ನಾನು ಎತ್ತೋಣ ಅಂದ್ರೆ ನನ್ನ ಹಾರ್ಟಿನ ನಾಳಕ್ಕೆ ಬಲೂನು ಹಾಕಿ ಇನ್ನೂ ತಿಂಗಳಾಗಿಲ್ಲ."

"ಮತ್ತೆ?"

"ವ್ಯಾನಲ್ಲಿ ಚಕ್ರದ ಗಾಡಿ ಇದೆ. ರಬ್ಬರ್ ಚಕ್ರ, ಸದ್ದು ಬರಲ್ಲ."

ಮೇರ್ ಅವನ ಕಡೆ ಬೀರಿದ ಉರಿನೋಟಕ್ಕೆ ಬೆಣ್ಣೆ ಕರಗಬೇಕಿತ್ತು. ನಾಂತ್‌ಲಾಸ್‌ನಲ್ಲಿ ಗುಡ್ಡದ ದಾರಿಗೆ ಕಾರು ಹತ್ತುವುದಿಲ್ಲ. ಸತ್ತವರು ಹೆಗಲ ಮೇಲೆಯೇ ಹೋಗಬೇಕು. ಇದುವರೆಗೆ ಚಕ್ರದ ಮೇಲೆ ಹೋದವರೆಂದರೆ ಹೊರಗಿನಿಂದ ಬಂದು, ಯಾರ ಪರಿಚಯವನ್ನೂ ಮಾಡಿಕೊಳ್ಳದೆ ಸತ್ತವರು. ಇದ್ವಾಲ್ ಆ ಏರಿನಲ್ಲಿ ಊರಿನ ಅರ್ಧಪಾಲು ಜನರನ್ನು ಹೊತ್ತಿದ್ದ. ಎತ್ತರದ ಆಳು, ಯಾವಾಗಲೂ ಹಿಂದಿನ ಮೂಲೆಗೆ ನಿಲ್ಲುತ್ತಿದ್ದ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ.

"ಆ ಮನುಷ್ಯನ್ನ ತರಕಾರಿ ಥರ ತಳ್ಕೊಂಡು ಹೋಗ್ತೀರಾ?" ಎಂದಳು ಮೇರ್.

ನೆರಿಸ್ ಕೈ ಒರೆಸಿಕೊಂಡಳು. "ಗಾಡಿ ಇಳಿಸು ಸೆಲ್ವಿನ್. ಬೇರೆ ದಾರಿ ಇಲ್ಲ."

*

ಸಾವಿರದ ಒಂಬೈನೂರ ಅರವತ್ತೊಂಬತ್ತರ ಜುಲೈ. ಕರ್ನಾರ್ವನ್ ಕೋಟೆಯಲ್ಲಿ ರಾಣಿಯ ಮಗನಿಗೆ ಈ ನಾಡಿನ ಯುವರಾಜನೆಂದು ಪಟ್ಟ ಕಟ್ಟಿ ಆಗಿತ್ತು. ಆಮೇಲೆ ಅವನು ನಾಡು ಸುತ್ತಲು ಹೊರಟ. ದಾರಿಯಲ್ಲಿ ನಾಂತ್‌ಲಾಸ್ ಇತ್ತು. ಕಾರು ನಿಲ್ಲುವುದಿಲ್ಲ, ಹಾದುಹೋಗುತ್ತದೆ, ಅಷ್ಟೆ.

ಆ ಬೇಸಿಗೆಯಲ್ಲಿ ಪತ್ರಿಕೆ ತೆರೆದರೆ ಬಾಂಬಿನ ಸುದ್ದಿ. ನಮ್ಮ ನಾಡಿಗೆ ಇಂಗ್ಲೆಂಡಿನ ಯುವರಾಜ ಯಾಕೆ ಎಂದು ಕೇಳುವವರು ಮನೆಗೊಬ್ಬರಿದ್ದರು. ಇದ್ವಾಲ್ ಕೌನ್ಸಿಲ್‌ನ ರಸ್ತೆ ಕೆಲಸದವನು. ಬೇಲಿ ಸವರುವುದು, ಚರಂಡಿ ಬಿಡಿಸುವುದು, ಗುಂಡಿ ಮುಚ್ಚುವುದು ಅವನ ಕೆಲಸ. ಅವತ್ತು ಅವನಿಗೆ ಬಂದ ಆದೇಶ: ಊರ ನಡುವೆ, ರಸ್ತೆಯಡಿ ತೊರೆ ಹಾಯುವ ಮೋರಿಯ ಬಳಿ ನಿಲ್ಲಬೇಕು, ಅದರೊಳಗೆ ಯಾರೂ ಏನೂ ಇಡದಂತೆ ನೋಡಿಕೊಳ್ಳಬೇಕು. ಮುಖ ನೀರಿನ ಕಡೆ ಇರಬೇಕು.

ಎಂಟು ವರ್ಷದ ನೆರಿಸ್ ಅಮ್ಮನ ಜೊತೆ ಅವನಿಗೆ ಬ್ರೆಡ್ಡು, ಚೀಸು, ಬಾಟಲಿಯಲ್ಲಿ ತಣ್ಣನೆಯ ಚಹಾ ತಂದಳು. ರಸ್ತೆಯ ಆಚೆ ಬದಿಯಲ್ಲಿ ಕಲ್ಲುಗಣಿಯ ಹತ್ತು ಹನ್ನೆರಡು ಗಂಡಸರು ಸೇರಿದ್ದರು. ಎಲ್ಲರಿಗಿಂತ ಕುಳ್ಳಗಿದ್ದವನು ಗ್ವಿಲಿಮ್. ಎದುರುಮನೆಯವನು, ಇದ್ವಾಲ್‌ನ ಜೀವದ ಗೆಳೆಯ. ಚಾಪೆಲ್‌ನಲ್ಲಿ ಒಂದೇ ಬೆಂಚು, ಒಂದೇ ಹಾಡಿನ ಪುಸ್ತಕ.

"ಇದ್ವಾಲ್! ಬಾರೋ ಈಚೆ," ಎಂದು ಗ್ವಿಲಿಮ್ ಕೂಗಿದ. "ಹೊಟ್ಟೆನೋವು ಅಂತ ಹೇಳಿ ಮನೆಗೆ ಹೋಗು. ಅವನ ಮೋರಿ ನೀನ್ಯಾಕೆ ಕಾಯ್ತೀಯ?"

"ಮೋರಿ ನಮ್ಮೂರಿಂದು ಕಣೋ," ಎಂದ ಇದ್ವಾಲ್, ತಿರುಗದೆ. "ಅವನು ಒಂದ್ಸಲ ಹೋಗ್ತಾನೆ. ನಾಳೆಯಿಂದ ಇದರ ಮೇಲೆ ನಮ್ಮ ಮಕ್ಕಳು ಸ್ಕೂಲಿಗೆ ಹೋಗ್ಬೇಕು."

"ಸಂಬಳ ಮಾತಾಡಿಸ್ತಿದೆ."

"ಇರ್ಬಹುದು."

ಮೋಟಾರ್ ಸೈಕಲ್ಲುಗಳ ಸದ್ದು ಬಂತು. ಬಾವುಟ ಹಿಡಿದ ಹೆಂಗಸರು ಕೂಗತೊಡಗಿದರು. ಗ್ವಿಲಿಮ್ ಕೈ ಎತ್ತಿದ. ಅವನ ಕಡೆಯವರೆಲ್ಲ ಒಟ್ಟಿಗೆ ರಸ್ತೆಗೆ ಬೆನ್ನು ತಿರುಗಿಸಿದರು. ಕಪ್ಪು ಕಾರುಗಳು ಹಾದುಹೋದವು. ನೆರಿಸ್‌ಗೆ ಕಂಡದ್ದು ಗಾಜಿನ ಹಿಂದೆ ಒಂದು ಕೈ. ಅದಕ್ಕಿಂತ ಚೆನ್ನಾಗಿ ಕಂಡದ್ದು ಬೆನ್ನುಗಳು: ಆಚೆ ಗ್ವಿಲಿಮ್‌ನದು, ಈಚೆ ಅಪ್ಪನದು.

ರಾತ್ರಿ ಊಟಕ್ಕೆ ಕೂತಾಗ ಅವಳು ಕೇಳಿದಳು, "ಅಪ್ಪ, ಹೇಗಿದ್ದ ಯುವರಾಜ?"

"ನೋಡಿಲ್ಲ ಮಗಳೇ. ನೀರು ಕಮ್ಮಿ ಇತ್ತು. ಎರಡು ಮೀನು ಕಂಡವು."

ಆ ಹಿಂಗಾರಿನಲ್ಲಿ ಚಾಪೆಲ್‌ನ ಹಿರಿಯರ ಆಯ್ಕೆ ಇತ್ತು. ಇದ್ವಾಲ್‌ನ ಹೆಸರು ಬರುವುದು ಖಚಿತ ಎಂದು ಬೇಸಿಗೆಯ ಮೊದಲು ಊರೇ ಹೇಳುತ್ತಿತ್ತು. ಹೆಸರು ಬರಲಿಲ್ಲ. ಬಂದದ್ದು ಅಡ್ಡಹೆಸರು, ಮೋರಿ ಇದ್ವಾಲ್. ಗ್ವಿಲಿಮ್ ಚಾಪೆಲ್‌ನ ಎದುರು ಸಾಲಿನ ಬೆಂಚಿಗೆ ಹೋಗಿ ಕೂತ. ಮುಂದಿನ ಭಾನುವಾರ ಇದ್ವಾಲ್ ತನ್ನ ಹಳೆಯ ಜಾಗದಲ್ಲೇ ಕೂತು, ಪುಸ್ತಕವನ್ನು ಒಬ್ಬನೇ ಹಿಡಿದು ಹಾಡಿದ.

*

ಸೆಲ್ವಿನ್ ವ್ಯಾನಿನಿಂದ ಗಾಡಿ ಇಳಿಸಿ ಅದರ ಮಡಿಚಿದ ಕಾಲುಗಳನ್ನು ಬಿಡಿಸುತ್ತಿದ್ದ. ಎದುರುಮನೆಯ ಬಾಗಿಲು ತೆರೆಯಿತು. ಗ್ವಿಲಿಮ್ ಕೋಲೂರಿಕೊಂಡು ರಸ್ತೆ ದಾಟಿ ಬಂದ. ಎಂಬತ್ತನಾಲ್ಕು ವಯಸ್ಸು. ಕಪ್ಪು ಸೂಟು ಮೈಗೆ ದೊಡ್ಡದಾಗಿತ್ತು. ಅವನು ಈ ಹೊಸ್ತಿಲ ಬಳಿ ಬಂದದ್ದನ್ನು ನೆರಿಸ್ ದೊಡ್ಡವಳಾದ ಮೇಲೆ ನೋಡಿರಲಿಲ್ಲ.

"ಚಕ್ರ ಯಾಕೆ?" ಎಂದು ಕೇಳಿದ.

"ಐದೇ ಜನ ಸಿಕ್ಕಿದ್ದು," ಎಂದಳು ನೆರಿಸ್.

"ಊರಲ್ಲಿ ಗಂಡಸರೆಲ್ಲ ಸತ್ತುಹೋದ್ರಾ?"

"ಸತ್ತಿಲ್ಲ," ಎಂದು ಮೇರ್ ಒಳಗಿನಿಂದ ಕೂಗಿದಳು. "ಸ್ಪೇನಿನ ಬಿಸಿಲಲ್ಲಿ ಬಿದ್ಕೊಂಡಿದಾರೆ. ನಿನ್ನ ಮಗನೂ ಸೇರಿ!"

ಗ್ವಿಲಿಮ್ ಕೋಲನ್ನು ಗೋಡೆಗೆ ಒರಗಿಸಿದ. "ನಾನು ಎತ್ತೀನಿ."

ಸೆಲ್ವಿನ್ ನೆಲ ನೋಡಿದ. ಬಾಗಿಲ ಬಳಿ ನಿಂತಿದ್ದ ಹೆಗಲು ಕೊಡುವವರು ಅವನ ಕಡೆ ತಿರುಗಿದರು. ನೆರಿಸ್‌ಳ ಮಗ ಓಸ್ಯನ್ ತಾಯಿಯ ಮುಖ ನೋಡಿದ.

*

ಗ್ವಿಲಿಮ್‌ನ ಹೆಂಡತಿ ಡಿಲಿಸ್ ಸತ್ತ ವರ್ಷ ಜನವರಿಯಲ್ಲಿ ಮಂಜುಗಡ್ಡೆ ಕಟ್ಟಿತ್ತು. ಅವಳನ್ನು ಮಣ್ಣು ಮಾಡುವ ದಿನ ಇದ್ವಾಲ್ ಬೆಳಕು ಹರಿಯುವ ಮುಂಚೆ ಎದ್ದು ಗುಡ್ಡದ ದಾರಿಗೆ ಉಪ್ಪು ಮರಳು ಚೆಲ್ಲಿದ. ನಿವೃತ್ತಿಯಾಗಿ ವರ್ಷವಾಗಿತ್ತು; ಯಾರೂ ಅವನಿಗೆ ಹೇಳಿರಲಿಲ್ಲ. ಆಮೇಲೆ ಮನೆಗೆ ಬಂದು ಸ್ನಾನ ಮಾಡಿ, ಸೂಟು ಹಾಕಿ, ಹೆಗಲು ಕೊಡುವವರ ಸಾಲಿನಲ್ಲಿ ಹೋಗಿ ನಿಂತ.

ಗ್ವಿಲಿಮ್ ಸಾಲಿನ ಮುಂದೆ ನಡೆದು ಬಂದ. ಇದ್ವಾಲ್‌ನ ಎದುರು ನಿಂತು, "ನೀನು ಬೇಡ," ಎಂದ.

ಇದ್ವಾಲ್ ಪಕ್ಕಕ್ಕೆ ಸರಿದ. ಪೆಟ್ಟಿಗೆ ಹೋದ ಮೇಲೆ ಜನರ ಕೊನೆಯಲ್ಲಿ ನಡೆದ. ಮನೆಗೆ ಬಂದು ಷೂ ಬಿಚ್ಚುತ್ತಾ, "ಮರಳು ಸಾಕಾಗಿತ್ತು, ಯಾರೂ ಜಾರಲಿಲ್ಲ," ಎಂದಷ್ಟೇ ಹೇಳಿದ.

*

"ಡಿಲಿಸ್ ಆಂಟಿಗೆ ನಮ್ಮಪ್ಪನ ಹೆಗಲು ಬೇಡವಾಗಿತ್ತು," ಎಂದಳು ನೆರಿಸ್.

"ನನಗೆ ಬೇಡವಾಗಿತ್ತು. ಡಿಲಿಸ್‌ನ ಯಾರು ಕೇಳಿದ್ರು?"

"ಹಾಗಿದ್ರೆ ಈಗ್ಯಾಕೆ ಬಂದ್ರಿ ಮಾಮ? ಅವನಿದ್ದಾಗ ಬರ್ಬೇಕಿತ್ತು. ಎರಡು ವರ್ಷ ಕಿಟಕಿ ಹತ್ರಾನೇ ಕೂತಿದ್ದ. ನಿಮ್ಮನೆ ಬಾಗಿಲು ಕಾಣ್ತಿತ್ತು ಅವನಿಗೆ."

"ನನಗೂ ಅವನ ಕಿಟಕಿ ಕಾಣ್ತಿತ್ತು."

"ಅವತ್ತು ನೀವು ಬೆನ್ನು ತಿರುಗಿಸಿ ನಿಂತ್ರಿ. ಅಪ್ಪನೂ ಬೆನ್ನು ತಿರುಗಿಸೇ ನಿಂತಿದ್ದ. ಇಬ್ರೂ ನೋಡ್ಲಿಲ್ಲ ಆ ಯುವರಾಜನನ್ನ. ನಾನು ಅಲ್ಲೇ ಇದ್ದೆ."

"ನಿಮ್ಮಪ್ಪ ಸಂಬಳಕ್ಕೆ ತಿರುಗಿಸಿದ್ದು. ನಾನು ಪುಕ್ಕಟೆ."

"ಅದನ್ನೇ ಹೇಳ್ಕೊಂಡು ಮುದುಕನಾದೆ ನೀನು," ಎಂದಳು ಮೇರ್. ಅವಳು ಬಾಗಿಲಿಗೆ ಬಂದು ನಿಂತಿದ್ದಳು.

"ಹೌದು, ಆದೆ." ಗ್ವಿಲಿಮ್ ಉಸಿರು ಎಳೆದುಕೊಂಡ. "ನೋಡು ನೆರಿಸ್. ತಪ್ಪಾಯ್ತು ಅಂತ ಹೇಳಕ್ಕೆ ಬಂದಿಲ್ಲ ನಾನು. ಅವನು ಆ ಮೋರಿ ಕಾಯಬಾರದಿತ್ತು. ಇವತ್ತೂ ಹಂಗೇ ಅಂತೀನಿ. ಆದ್ರೆ ಇದ್ವಾಲ್‌ನ ಗಾಡಿ ಮೇಲೆ ತಳ್ಳೋದನ್ನ ಕಿಟಕೀಲಿ ನಿಂತು ನೋಡಕ್ಕೆ ನನ್ನ ಕೈಲಾಗಲ್ಲ. ಬೇಡ ಅಂದ್ರೆ ಬೇಡ ಅನ್ನು. ಹೋಗ್ತೀನಿ."

ಬೇಡ ಎನ್ನುವ ಮಾತು ನೆರಿಸ್‌ಳ ನಾಲಿಗೆ ತುದಿಯಲ್ಲಿತ್ತು. ಒಂದೇ ಪದ, ಅಪ್ಪನಿಗೆ ಸಿಕ್ಕಿದ್ದೂ ಅದೇ. ಅವಳು ಗಾಡಿಯನ್ನು ನೋಡಿದಳು. ಹೊಸ ರಬ್ಬರು, ಎಣ್ಣೆ ಹಾಕಿದ ಕೀಲು. ಅದರ ಮೇಲೆ ಅಪ್ಪನನ್ನು ಇಟ್ಟರೆ ಸಲೀಸಾಗಿ ಹೋಗುತ್ತಾನೆ, ಯಾರಿಗೂ ತ್ರಾಸವಿಲ್ಲ. ಬದುಕಿದ್ದಷ್ಟು ಕಾಲವೂ ಅವನು ಯಾರಿಗೂ ತ್ರಾಸ ಕೊಡದೆಯೇ ಇದ್ದ.

"ಗಾಡಿ ವಾಪಸ್ ಹಾಕು ಸೆಲ್ವಿನ್," ಎಂದಳು.

ಸೆಲ್ವಿನ್ ಅವಳನ್ನು ಪಕ್ಕಕ್ಕೆ ಕರೆದ. "ಐವರೂ ಮರದಂಥ ಆಳುಗಳು. ಇವನ ತಲೆ ಅವರ ಕಿವಿಗೆ ಬರಲ್ಲ. ಮಧ್ಯದಲ್ಲಿ ನಿಲ್ಲಿಸ್ತೀನಿ. ಅಲ್ಲಿ ಕುಳ್ಳಗಿದ್ರೆ ಪೆಟ್ಟಿಗೆ ಹೆಗಲಿಗೆ ಮುಟ್ಟಲ್ಲ. ಸುಮ್ನೆ ಕೈ ಕೊಟ್ಕೊಂಡು ಬರಲಿ. ಏರಲ್ಲಿ ಆ ಐವರು ಸುಸ್ತಾದ್ರೆ ನಿಲ್ಲಿಸಿ ನಿಲ್ಲಿಸಿ ಹೋಗೋಣ. ಮುದುಕನ ಮಾನವೂ ಉಳೀತದೆ, ಎದೆಯೂ ಉಳೀತದೆ."

ನೆರಿಸ್ ತಲೆಯಾಡಿಸಿದಳು. ವಾದ ಮಾಡಲಾಗದಷ್ಟು ಅವಳು ದಣಿದಿದ್ದಳು.

ಪಾದ್ರಿಯಮ್ಮ ಚಿಕ್ಕದೊಂದು ಪ್ರಾರ್ಥನೆ ಹೇಳಿದಳು. ಪೆಟ್ಟಿಗೆ ಎದ್ದಿತು. ಮುಂದೆ ಓಸ್ಯನ್ ಮತ್ತು ಅವನ ಸೋದರಸಂಬಂಧಿ, ಹಿಂದೆ ಕೌನ್ಸಿಲ್‌ನ ರಸ್ತೆ ಕೆಲಸದ ಇಬ್ಬರು, ನಡುವೆ ಎಡಕ್ಕೆ ಪಕ್ಕದ ಮನೆಯ ಹುಡುಗ, ಬಲಕ್ಕೆ ಗ್ವಿಲಿಮ್. ಹಿಂದೆ ನೆರಿಸ್, ಅವಳ ತೋಳು ಹಿಡಿದು ಮೇರ್, ಅವರ ಹಿಂದೆ ಊರಲ್ಲಿ ಉಳಿದಿದ್ದವರು. ಕೆಳಗಿನ ಹೊಸ ಮನೆಗಳಿಂದ ಧ್ವನಿವರ್ಧಕದ ಹಾಡು ಕೇಳುತ್ತಿತ್ತು; ಯಾರೋ ಹೋಗಿ ಹೇಳಿರಬೇಕು, ನಡುವಿನಲ್ಲೇ ನಿಂತಿತು.

ಏರು ಶುರುವಾಯಿತು. ಹತ್ತು ಮಾರು ಹೋಗಿರಲಿಲ್ಲ.

"ನಿಲ್ಲಿ," ಎಂದ ಗ್ವಿಲಿಮ್.

ನಿಂತರು.

"ಸುಸ್ತಾಯ್ತಾ?" ಸೆಲ್ವಿನ್ ಓಡಿ ಬಂದ. "ಬಿಡಿ, ಪರವಾಗಿಲ್ಲ—"

"ಸುಸ್ತಾಗಕ್ಕೆ ಭಾರ ಬರ್ಬೇಕಲ್ಲೋ. ನಲವತ್ತು ವರ್ಷ ಗಣೀಲಿ ಕಲ್ಲು ಹೊತ್ತಿದೀನಿ. ಹೆಗಲ ಮೇಲೆ ಏನಾದ್ರೂ ಇದೆಯೋ ಇಲ್ವೋ ನಂಗೆ ಗೊತ್ತಾಗಲ್ವಾ?"

ನೆರಿಸ್ ನೋಡಿದಳು. ಪೆಟ್ಟಿಗೆಯ ತಳಕ್ಕೂ ಮುದುಕನ ಹೆಗಲಿಗೂ ನಡುವೆ ನಾಲ್ಕು ಬೆರಳು ಅಂತರವಿತ್ತು. ಅದರ ಮೂಲಕ ಆಚೆಯ ಹುಲ್ಲು ಕಾಣುತ್ತಿತ್ತು. ಗ್ವಿಲಿಮ್ ಹಿಮ್ಮಡಿ ಎತ್ತಿ ತುದಿಗಾಲಿನಲ್ಲಿ ನಿಂತ, ಆದರೂ ಎಟಕಲಿಲ್ಲ.

"ಮಾಮ, ನಡೀರಿ. ಸಾಕು," ಎಂದು ಹೇಳಲು ಅವಳು ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

"ಓಸ್ಯನ್, ಬಗ್ಗು. ಎಲ್ರೂ ಸ್ವಲ್ಪ ಬಗ್ಗಿ."

"ಅಮ್ಮ, ಈ ಏರಲ್ಲಾ?"

"ಬಗ್ಗು ಅಂದೆ."

ಐವರೂ ಪೆಟ್ಟಿಗೆಯನ್ನು ಹೆಗಲಿಗೆ ಒತ್ತಿ ಹಿಡಿದರು. ಆಮೇಲೆ ಮೆಲ್ಲಗೆ ಮೊಣಕಾಲು ಮಡಿಚಿದರು. ಪೆಟ್ಟಿಗೆ ಇಳಿಯುತ್ತಾ ಬಂತು, ಹುಲ್ಲು ಮುಚ್ಚಿಹೋಯಿತು. ಗ್ವಿಲಿಮ್‌ನ ಹೆಗಲು ಒಮ್ಮೆ ಕುಸಿದು, ನಿಂತಿತು.

"ಹಾಂ," ಎಂದ. "ಈಗ ನಡೀರಿ."

ನಡೆದರು. ಮಡಿಚಿದ ಮೊಣಕಾಲಿನಲ್ಲಿ, ಒಂದೊಂದೇ ಹೆಜ್ಜೆ, ಮುದುಕನ ಉಸಿರಿನ ಲೆಕ್ಕಕ್ಕೆ. ಓಸ್ಯನ್‌ನ ತೊಡೆ ನಡುಗುವುದು ಪ್ಯಾಂಟಿನ ಮೇಲಿನಿಂದಲೇ ತಿಳಿಯುತ್ತಿತ್ತು. ಯಾರೂ ನೆಟ್ಟಗಾಗಲಿಲ್ಲ. ಹಿಂದಿನಿಂದ ನೋಡಿದರೆ, ಗುಡ್ಡ ಹತ್ತುತ್ತಿದ್ದ ಆರು ಜನವೂ ಕುಳ್ಳರು.